ಸಿಸ್ಟರ್ ಬಾಯಿಯ ಕುದುರೆ ದಂಡು

ಮೊನ್ನೆ ಭಾಲ್ಕಿಗೆ ಮಗಳ ಮನೆಗೆ ಹೋದಾಗ ಜ್ವರ ಬಂತು. ದವಾಖಾನೆಯಲ್ಲಿ ಸೂಜಿ ಚುಚ್ಚುವ ಮೊದಲು ತೋಳಿಗೆ ಸ್ಪಿರಿಟ್ ಒರೆಸಿದರು. ಆ ವಾಸನೆಗೆ ನನಗೆ ರೋಗ ನೆನಪಾಗಲಿಲ್ಲ, ಯುದ್ಧ ನೆನಪಾಯಿತು.

ಬೀದರಿನಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಸಿಸ್ಟರ್ ಬಾಯಿ ಇದ್ದಳು. ಚರ್ಚಿನ ಮನೆತನ. ಆಯುಷ್ಯವೆಲ್ಲ ನರ್ಸ್ ಕೆಲಸ ಮಾಡಿ ಮಂಡಿ ಸವೆಸಿಕೊಂಡಿದ್ದಳು. ಮೂಲೆ ಹಿಡಿದವಳು ಸುಮ್ಮನೆ ಕೂರಲಿಲ್ಲ, ಕಂಪ್ಯೂಟರಿನಲ್ಲಿ ಹಳೇ ಕಾಲದ ರಾಜರ ಯುದ್ಧದ ಆಟ ಹಿಡಿದಳು. ಆಡುವ ಮೊದಲು ಮೌಸಿಗೆ ಸ್ಪಿರಿಟ್ ಹಚ್ಚಿ ಒರೆಸುವಳು. ಯುದ್ಧಕ್ಕೂ ಸ್ವಚ್ಛ ಕೈ ಬೇಕಂತೆ.

ಮಧ್ಯಾಹ್ನ ಭಾಂಡೆ ತಿಕ್ಕಿ ಹೋಗಿ ನಾನು ಪಕ್ಕದಲ್ಲಿ ಕೂಡುತ್ತಿದ್ದೆ. ನನಗೆ ಓದಲು ಅಷ್ಟಾಗಿ ಬಾರದು, ನೋಡಲು ಬರುತ್ತದೆ. ಮುಂದೆ ಭರ್ಚಿ ಹಿಡಿದ ಕಾಲಾಳು, ಹಿಂದೆ ಬಿಲ್ಲಿನವರು, ಎರಡೂ ಬದಿಗೆ ಕುದುರೆ. ಕುದುರೆಯನ್ನು ನೆಟ್ಟಗೆ ಭರ್ಚಿಯ ಮೇಲೆ ಬಿಟ್ಟರೆ ಸತ್ತೇ ಹೋಗುತ್ತವೆ. ಕಾಲಾಳು ವೈರಿಯನ್ನು ಹಿಡಿದು ನಿಲ್ಲಿಸಬೇಕು, ಅಷ್ಟರಲ್ಲಿ ಕುದುರೆ ಗುಡ್ಡ ಸುತ್ತಿ ಅವನ ಬೆನ್ನಿಗೆ ಬೀಳಬೇಕು. ತವರೂರು ಎಕಂಬಾದಲ್ಲಿ ಆಡು ಕಾಯ್ದವಳು ನಾನು, ನಾಯಿಯೂ ಹೀಗೇ ಸುತ್ತುತ್ತಿತ್ತು...

ಅವಳಿಗೂ ಇದು ತಿಳಿದಿತ್ತು, ಕೈ ಕೇಳುತ್ತಿರಲಿಲ್ಲ. ಹೊಳೆ ದಂಡೆಯ ಒಂದು ಲಡಾಯಿ ಎಂದೂ ಗೆಲ್ಲಲಾಗಲಿಲ್ಲ. ಕಾಲಾಳಿನಲ್ಲಿ ನಾಲ್ಕು ಮಂದಿ ಬಿದ್ದರೆ ಸಾಕು, ಕುದುರೆಯನ್ನು ಅರ್ಧ ದಾರಿಯಿಂದ ಕರೆದು, ಕಾವಲಿಗೆ ನಿಲ್ಲಿಸಿ, ಎಲ್ಲರನ್ನೂ ಹಿಂದಕ್ಕೆ ಎಳೆಯುವಳು.

“ಏ ಬಾಯಿ, ಇದು ಲಡಾಯಿ ಅದೋ, ನಿನ್ನ ವಾರ್ಡ್ ಅದೋ?” ಅನ್ನುತ್ತಿದ್ದೆ.

“ಸುಮ್ನ ಕೂಡ್ ಮುದುಕಿ. ಬಿದ್ದವ್ರಿಗಿ ಹ್ಯಾಂಗ ಬಿಟ್ಟ್ ಹೋಗ್ಲಿ?”

“ಅವ್ರೇನ್ ಖರೇ ಮಂದಿ ಹರಾ?”

“ನರಳ್ತಾರಲ್ಲ, ನಿನಗ ಕೇಳ್ಸಲ್ಲೇನ್?”

ಆಮೇಲೆ ಅವಳ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತು. ಹೈದರಾಬಾದಿನಲ್ಲಿ ಆಪರೇಷನ್ ಅಂತ ಠರಾಯಿತು. ನರ್ಸ್ ಆದವಳು, ತನ್ನ ರಿಪೋರ್ಟ್ ತಾನೇ ಓದಿಕೊಂಡಳು. ತಿರುಗಿ ಬರುವ ಮಾತು ಆಡಲಿಲ್ಲ. “ಹೋಗೂಕಿಂತ ಮದ್ಲ ಈ ಹೊಳಿ ಲಡಾಯಿ ಒಂದ್ ಗೆದ್ದ್ ಹೋಗ್ತೇನಿ” ಅಂದಳು, ಅಷ್ಟೆ.

ಹೋಗುವ ದಿನ ಬೆಳಿಗ್ಗೆಯೂ ಕೂತಳು. ಅವತ್ತು ದಂಡನ್ನೇ ಬದಲಿಸಿದ್ದಳು, ಬಿಲ್ಲಿನವರು ಕಡಿಮೆ, ಕುದುರೆ ಹೆಚ್ಚು. “ಲೇಟ್ ಆಗ್ಲತದ್ರಿ ಸಿಸ್ಟರ್” ಅಂತ ಗಾಡಿಯವನು ಹೊರಗಿನಿಂದ ಕೂಗಿದ. ಇವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಲಾಳು ಗಟ್ಟಿಯಾಗಿ ನಿಂತರು. ಕುದುರೆ ಗುಡ್ಡ ಸುತ್ತಿ ಬಂದವು, ವೈರಿಯ ಬೆನ್ನು ಬಯಲಾಗಿ ಎದುರಿಗೇ ಇತ್ತು. ಈ ಕಡೆ ಕಾಲಾಳು ಕೊಯ್ದ ಜೋಳದ ಹಾಗೆ ಬೀಳತೊಡಗಿದರು.

“ತಡಿ ಬಾಯಿ, ತಡಿ! ಒಂದ್ ಗಳಿಗಿ!” ಅಂದೆ.

ಅವಳು ಗುಂಡಿ ಒತ್ತೇಬಿಟ್ಟಳು... ವಾಪಸ್ಸಿನ ಕಹಳೆ ಕೂಗಿತು. ಕುದುರೆ ತಿರುಗಿದವು. ಸೋತಳು.

“ನಿನಗ ಅಕಲ್ ಅದಾ?” ಅಂತ ಬೈದೆ.

“ಬೈಬ್ಯಾಡ ಮುದುಕಿ,” ನಗುತ್ತ ಅಂದಳು. “ಎಷ್ಟ್ ಮಂದಿ ಉಳೀತು ನೋಡ್.”

ಅವಳು ಉಳಿಯಲಿಲ್ಲ. ಆಪರೇಷನ್ ಆದವಳು ಕಣ್ಣು ತೆರೆಯಲೇ ಇಲ್ಲವಂತೆ.

ಈಗ ಆ ಮನೆಯಲ್ಲಿ ಬಾಡಿಗೆಯವರಿದ್ದಾರೆ, ಒಳ್ಳೇ ಮಂದಿ. ಮಧ್ಯಾಹ್ನ ನಾನು ಎಲ್ಲಿಗೂ ಹೋಗುವುದಿಲ್ಲ. ಅಳು ಬರುವುದಿಲ್ಲ ನನಗೆ, ಸಿಟ್ಟು ಬರುತ್ತದೆ. ಒಂದು ಗಳಿಗೆ ತಡೆದಿದ್ದರೆ ಗೆಲ್ಲುತ್ತಿದ್ದಳು. ಗೆದ್ದಿದ್ದರೂ ಹೋಗುವವಳೇ ಇದ್ದಳು, ಅದೂ ಗೊತ್ತು... ಆದರೆ ಆ ಲಡಾಯಿ ಗೆದ್ದಾಗ ಅವಳ ಮುಖ ಹೇಗಿರುತ್ತಿತ್ತೋ, ನಾನು ನೋಡಲೇ ಇಲ್ಲ.