ಎಡಗಡೆಯ ಆಕಾಶ

ಹೋದ ತಿಂಗಳು ಮೊಳಕಾಲ್ಮೂರಿನಲ್ಲಿ ನನ್ನ ಹಳೆಯ ಸ್ಟೂಡೆಂಟ್ ಒಬ್ಬಳ ಮಗಳ ಎಂಗೇಜ್‌ಮೆಂಟು. ಹುಡುಗ ಹುಡುಗಿಯ ಚಿಕ್ಕಂದಿನ ಫೋಟೋಗಳನ್ನು ಗೋಡೆಗೆ ತೋರಿಸಲು ಯಾರೋ ಹಳೇ ಪ್ರೊಜೆಕ್ಟರ್ ಒಂದನ್ನು ಹಚ್ಚಿದರು. ಬಹಳ ದಿನ ಮೂಲೆಯಲ್ಲಿ ಬಿದ್ದಿದ್ದಿರಬೇಕು. ದೀಪ ಕಾಯುತ್ತಿದ್ದಂತೆ ಒಳಗಿನ ಧೂಳು ಸುಟ್ಟ ವಾಸನೆ ನನ್ನ ಕುರ್ಚಿಯವರೆಗೂ ಬಂತು. ಎಲ್ಲರೂ ಗೋಡೆ ನೋಡಿ ನಗುತ್ತಿದ್ದರು. ನಾನು ಮಾತ್ರ ಚಳ್ಳಕೆರೆಯ ಒಂದು ಗೋಡೌನಿನಲ್ಲಿದ್ದೆ, ಶೇಂಗಾ ಹಿಂಡಿಯ ಚೀಲಗಳ ನಡುವೆ...

ಆ ಗೋಡೌನಿನ ಯಜಮಾನರು ಆಗ ನಮ್ಮ ಪಕ್ಕದ ಮನೆಯವರು. ಎಣ್ಣೆ ಗಿರಣಿ ಇದ್ದದ್ದರಿಂದ ಊರಿಗೆಲ್ಲ ಸಾಹುಕಾರರು, ನನಗೂ ಸಾಹುಕಾರರೇ. ಎರಡು ಸಾವಿರ ಇಸವಿ ಕಳೆದು ಐದಾರು ವರ್ಷವಾಗಿತ್ತು. ಗಿರಣಿಯನ್ನು ತಮ್ಮನ ಕೈಗೆ ಬಿಟ್ಟು, ಮನೆ ಹಿಂದಿನ ಸಣ್ಣ ಗೋಡೌನನ್ನು ಮಾತ್ರ ತಮಗೆಂದು ಇಟ್ಟುಕೊಂಡಿದ್ದರು. ಜೀವನದಲ್ಲಿ ಒಂದೇ ಸಲ, ವ್ಯಾಪಾರದ ಕೆಲಸಕ್ಕೆ ಮುಂಬೈಗೆ ವಿಮಾನದಲ್ಲಿ ಹೋಗಿದ್ದರಂತೆ. ಸೀಟು ಸಿಕ್ಕಿದ್ದು ಓಡಾಡುವ ದಾರಿಯ ಪಕ್ಕ. "ಬಸ್ಸಿನಾಗೆ ಕುಂತಂಗಾತು ಟೀಚರಮ್ಮ. ಮುಂದಿನೋನ ಬೋಳುತಲೆ ಬಿಟ್ರೆ ಒಂದ್ ಮೋಡಾನೂ ಕಾಣ್ಲಿಲ್ಲ" ಅನ್ನುತ್ತಿದ್ದರು. ಆ ಕೊರಗು ಹೋಗಿರಲಿಲ್ಲ. ಸೈಬರ್ ಸೆಂಟರಿನಲ್ಲಿ ಯಾರೋ ಕಂಪ್ಯೂಟರಿನಲ್ಲಿ ವಿಮಾನ ಓಡಿಸುವುದನ್ನು ನೋಡಿ ಬಂದವರೇ, ಪೈಲಟ್ ಕೂರುವ ಜಾಗವನ್ನು ಗೋಡೌನಿನಲ್ಲೇ ಕಟ್ಟುತ್ತೇನೆ ಎಂದು ಹೊರಟರು. ಹಳೇ ಲಾರಿಯ ಸೀಟು, ಅದರ ಮುಂದೆ ಬಿಳಿ ಬಣ್ಣ ಬಳಿದು ಬಾಗಿಸಿದ ಪ್ಲೈವುಡ್ಡು, ಒಂದು ಕಂಪ್ಯೂಟರು, ಮೂರು ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರು. ಒಂದು ಎದುರಿಗೆ, ಒಂದು ಎಡಕ್ಕೆ, ಒಂದು ಬಲಕ್ಕೆ. ಮೂರೂ ಚಿತ್ರ ಸೇರಿ ಒಂದೇ ಆಕಾಶ ಆಗಬೇಕು.

ನಾನು ಆ ಕಥೆಯೊಳಗೆ ಬಂದದ್ದು ಇಂಗ್ಲಿಷಿನ ದೆಸೆಯಿಂದ. ಸ್ಕೂಲಿನಿಂದ ರಿಟೈರ್ ಆಗಿ ಮನೆಯಲ್ಲಿದ್ದೆ. ಅವರು ಇಂಟರ್ನೆಟ್ಟಿನಲ್ಲಿ ಹುಡುಕಿಸಿ ಪ್ರಿಂಟ್ ತೆಗೆಸಿಕೊಂಡು ಬಂದ ಹಾಳೆಗಳನ್ನು ಮಧ್ಯಾಹ್ನ ಊಟ ಮುಗಿದ ಮೇಲೆ ನಾನು ಓದಿ ಹೇಳುವುದು, ಅವರು ಕಿಟಕಿಗೆ ಗೋಣಿ ಕಟ್ಟಿ ಕತ್ತಲೆ ಮಾಡಿಕೊಂಡು ತಿರುಪು ತಿರುಗಿಸುವುದು. ಎರಡು ಚಿತ್ರಗಳು ಒಂದರ ಮೇಲೊಂದು ಬೀಳುವ ಕಡೆ ಬೆಳಕು ಇಮ್ಮಡಿಯಾಗಿ ಬೆಳ್ಳನೆಯ ಪಟ್ಟಿ ಏಳುತ್ತಿತ್ತು. ಹಾಳೆಗಳಲ್ಲಿ ಅದಕ್ಕೆ ಹೇಳಿದ ಸಾಫ್ಟ್‌ವೇರ್ ನಮ್ಮಿಬ್ಬರ ಬುದ್ಧಿಗೂ ನಿಲುಕಲಿಲ್ಲ.

ದಾರಿ ತೋರಿಸಿದವರು ಮೊಳಕಾಲ್ಮೂರಿನ ನೇಕಾರರೊಬ್ಬರು, ಸಾಹುಕಾರರ ಬಾಲ್ಯದ ಗೆಳೆಯ. ಮನೆಮಾತು ತೆಲುಗು, ಮಾತು ನೇರ. "ಸೀರೆ ಅಂಚಿನ ಬಣ್ಣ ಒಡಲಿಗೆ ಸೇರೋ ಕಡೆ ಗೆರೆ ಕಾಣಬಾರ್ದು ಅಂದ್ರೆ ಹಲ್ಲುಹಲ್ಲಾಗಿ ಒಂದ್ರಾಗೊಂದು ಹೋಗ್ಬೇಕು ಸಾವ್ಕಾರ್ರೆ" ಅಂದರು. ಸಾಹುಕಾರರು ಎಣ್ಣೆ ಡಬ್ಬದ ತಗಡನ್ನು ಬಾಚಣಿಗೆಯ ಹಾಗೆ ಕತ್ತರಿಸಿ ಲೆನ್ಸುಗಳ ಮುಂದೆ ನಿಲ್ಲಿಸಿದರು. ಒಂದರ ಬೆಳಕು ಮೆಲ್ಲಗೆ ಇಳಿಯುವಲ್ಲಿ ಇನ್ನೊಂದರ ಬೆಳಕು ಮೆಲ್ಲಗೆ ಏರಿತು. ಪಟ್ಟಿ ಮಾಯ. ಇಟ್ ವಾಸ್ ಬ್ಯೂಟಿಫುಲ್, ಅಷ್ಟೇ ಹೇಳಬಲ್ಲೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸೀಟಿನಲ್ಲಿ ಕೂತ ಸಾಹುಕಾರರು, "ಎಡಗಡೆ ಮಂಕು. ಅಲ್ವಾ ಟೀಚರಮ್ಮ?" ಅಂದರು.

ನನಗೆ ಮಂಕು ಕಾಣಲಿಲ್ಲ. ಎಡಕ್ಕೂ ಬಲಕ್ಕೂ ಆಕಾಶ ಫಳಫಳ ಅನ್ನುತ್ತಿತ್ತು. ಆದರೆ ಒಬ್ಬರ ಮನೆಯಲ್ಲಿ ಕೂತು ಅವರ ಮಾತನ್ನು ಅಲ್ಲಗಳೆಯಬಾರದು ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ಸ್ ನಮ್ಮನ್ನು ತಿದ್ದಿದ್ದರು. ಅದೂ ಅಲ್ಲದೆ, ನಾನು ಆ ಯಂತ್ರಗಳನ್ನು ಏನು ಬಲ್ಲೆ? "ಹೌದು, ಸ್ವಲ್ಪ ಡಲ್" ಅಂದೆ.

ಆ ಒಂದು ಮಾತಿನ ಮೇಲೆ ಅವರು ಹೆಚ್ಚುಕಡಿಮೆ ಒಂದು ವರ್ಷ ದುಡಿದರು. ದೀಪ ಬದಲಿಸಿದರು. ಎದ್ದು ಹತ್ತಿರ ಹೋಗಿ ನೋಡಿದರೆ ಸರಿ ಇರುತ್ತಿತ್ತು, ಸೀಟಿಗೆ ಬಂದು ಮುಂದೆ ನೋಡುತ್ತ ಕೂತರೆ ಮತ್ತೆ ಮಂಕು. ಪ್ಲೈವುಡ್ ಬಾಗಿದ್ದೇ ತಪ್ಪು ಎಂದು ಬಿಚ್ಚಿ ಎರಡು ಸಲ ಕಟ್ಟಿದರು. ಆಮೇಲೆ ಬಲಗಡೆಯೂ ಮಂಕಾಯಿತು. ಪ್ರತಿ ಸಲವೂ ನನ್ನನ್ನು ಕೇಳುವರು, ಪ್ರತಿ ಸಲವೂ ನಾನು ಹೌದು ಅನ್ನುವೆ. ಮೊದಲ ದಿನ ಹೌದು ಅಂದವಳು ನಾಲ್ಕನೇ ತಿಂಗಳು ಇಲ್ಲ ಅನ್ನುವುದು ಹೇಗೆ... ಒಂದು ದಿನ ಹೆಂಡತಿ ಎಡಗೈ ಪಕ್ಕ ಇಟ್ಟಿದ್ದ ಕಾಫಿ ಲೋಟವನ್ನು ಸಾಹುಕಾರರು ಮೊಣಕೈಯಲ್ಲಿ ಕೆಡವಿದರು. ಆಕೆ, "ಮಗ್ಗುಲಾಗಿರೋ ಲೋಟ ಕಾಣಲ್ಲ, ಇಮಾನ ಬಿಡ್ತಾರಂತೆ ಇಮಾನ!" ಎಂದು ನಕ್ಕರು. ನಾನೂ ನಕ್ಕೆ. ಅವರ ಕಣ್ಣನ್ನೊಮ್ಮೆ ನೋಡಿದ್ದೆ, ಆದರೂ ನಕ್ಕೆ.

ಕೊನೆಗೆ ಆ ಮಂಕನ್ನು ತೋರಿಸಲೆಂದು ನೇಕಾರರನ್ನು ಕರೆಸಿದರು. ಅವರು ಲಾರಿ ಸೀಟಿನಲ್ಲಿ ಕೂತು ಎದುರಿಗೇ ನೋಡುತ್ತ, "ಎಲ್ಲೈತ್ರಿ ಮಂಕು? ಮೂರೂ ಕಡೆ ಒಂದೇ ಬೆಳಕು. ಮೊದ್ಲು ಹೋಗಿ ಕಣ್ ತೋರಿಸ್ಕೊಳ್ರಿ. ಮಗ್ಗದ ಮುಂದೆ ಇಂಥಾ ಕಣ್ಣು ನಾನು ನೋಡೀನಿ" ಅಂದುಬಿಟ್ಟರು.

ಸಾಹುಕಾರರು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. "ನೀವೂ ದಿನಾ ನೋಡ್ತಿದ್ರಲ್ಲ, ಟೀಚರಮ್ಮ?" ಅಂದರು, ಅಷ್ಟೇ. ಆಗ ಅವರ ಹೆಂಡತಿ ಮನೆಯೊಳಗೆ ಅಡುಗೆಮನೆಯಲ್ಲಿದ್ದರು, ಕೇಳಿಸಿಕೊಳ್ಳಲಿಲ್ಲ.

ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಸೊರಗಿದೆ, ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಂಡು ಬರುತ್ತಿದೆ ಎಂದರಂತೆ ಬೆಂಗಳೂರಿನ ಡಾಕ್ಟರು. ಹೋದದ್ದು ವಾಪಸು ಬರುವುದಿಲ್ಲ. ಒಂದು ವರ್ಷ ಮೊದಲೇ ಬಂದಿದ್ದರೆ ಡ್ರಾಪ್ಸ್ ಹಾಕಿ ಉಳಿಸಬಹುದಿತ್ತು. ಒಂದು ವರ್ಷ...

ಅದಾದ ಮೇಲೂ ಅವರು ನನ್ನನ್ನು ಕರೆಯುವುದು ಬಿಡಲಿಲ್ಲ. ನೇರಕ್ಕೆ ಅಂಗೈಯಷ್ಟು ಕಾಣುತ್ತಿತ್ತು. ಎರಡೂ ಪಕ್ಕದ್ದನ್ನು ನಾನು ಸ್ಟೂಲಿನ ಮೇಲೆ ಕೂತು ಹೇಳಬೇಕು. ಇದ್ದದ್ದನ್ನು ಇದ್ದ ಹಾಗೇ ಹೇಳುವುದೆಂದು ನಿಶ್ಚಯ ಮಾಡಿದ್ದೆ. ಮೋಡ ಇದ್ದರೆ ಮೋಡ, ಗುಡ್ಡ ಇದ್ದರೆ ಗುಡ್ಡ. ಒಂದು ಮಧ್ಯಾಹ್ನ ಬೆಂಗಳೂರಿನಿಂದ ಬಳ್ಳಾರಿಯ ಕಡೆಗೆ ಹಾರಿಸುತ್ತ, "ಈಗ ಎಡಕ್ಕೆ ನಮ್ಮೂರು ಬರ್ಬೇಕು. ಏನ್ ಕಾಣ್ತೈತೆ?" ಅಂದರು. ಆ ಕಂಪ್ಯೂಟರಿನಲ್ಲಿ ದೊಡ್ಡ ಊರುಗಳು ಬಿಟ್ಟರೆ ಬೇರೆ ಇರಲಿಲ್ಲ. "ಬರೀ ಕಂದು ನೆಲ, ಸಾಹುಕಾರರೇ. ಊರು ಇಲ್ಲ" ಅಂದೆ.

ಅವರು ಸಣ್ಣಗೆ ನಕ್ಕು, "ಇವತ್ತೊಂದಿನ ಐತೆ ಅಂದಿದ್ರೆ ಆಗ್ತಿತ್ತಲ್ಲ" ಅಂದರು.

ಮರುವರ್ಷ ಆ ಅಂಗೈಯಷ್ಟೂ ಹೋಯಿತು. ಮತ್ತೆ ಕೆಲವು ವರ್ಷಕ್ಕೆ ಅವರೇ ಹೋದರು.

ಎಂಗೇಜ್‌ಮೆಂಟಿನಿಂದ ಬರುವಾಗ, ನಾನು ಬಿಟ್ಟು ಬಹಳ ವರ್ಷವಾದ ಚಳ್ಳಕೆರೆಯಲ್ಲಿ ಇಳಿದು ಅವರ ಮನೆಗೆ ಹೋದೆ. ಅವರ ಹೆಂಡತಿ ಈಗ ಮೈದುನನ ಸಂಸಾರದ ಜೊತೆಗಿದ್ದಾರೆ, ಮಂಡಿ ನೋವು ಬಿಟ್ಟರೆ ಚೆನ್ನಾಗಿದ್ದಾರೆ. ನನ್ನ ಕೈ ಹಿಡಿದು ಕೂರಿಸಿಕೊಂಡರು. "ನಿಮ್ಮನ್ನ ಕೊನೇತನಕ ನೆನೀತಿದ್ರು ಕಣ್ರಿ. ಟೀಚರಮ್ಮ ಒಬ್ರೇ ನೋಡು, ಕಂಡಿದ್ದನ್ನ ಕಂಡಂಗೆ ಹೇಳೋರು ಅಂತಿದ್ರು."

ಕಾಣದ ಮಂಕಿಗೆ ನಾನು ದಿನಾ ಹೌದು ಅಂದದ್ದು ಆಕೆಗೆ ಗೊತ್ತಿಲ್ಲ. ಬದುಕಿದ್ದಷ್ಟು ದಿನ ಸಾಹುಕಾರರು ಹೇಳಿರಲಿಲ್ಲ. ಹೇಳಬೇಕೆಂದು ನಾನು ಬಾಯಿ ತೆರೆದೆ. ಆಕೆ ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳಿದರು. ಅರ್ಧ ಚಮಚ ಅಂದೆ.