ವಳಸಂಗದವರೆಗಿನ ರವಿವಾರ

ಅಕ್ಕಲಕೋಟದಲ್ಲಿ ಡೀಸೆಲ್ ಗಾಡಿ ಇಟ್ಟವರಿಗೆಲ್ಲ ಕಾಮಣ್ಣನ ಎರಡು ಗುಣ ಗೊತ್ತಿದ್ದವು. ಇಂಜಿನ್ನಿನ ಸದ್ದು ಕೇಳಿಯೇ ಅದರ ಬೇನೆ ಹೇಳುತ್ತಿದ್ದ. ಯಾರಾದರೂ ಒಂದು ಮಾತು ಹೆಚ್ಚಿಗೆ ಆಡಿದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ. ಜಗಳಗಂಟರ ಜೊತೆ ಹೇಗಾದರೂ ಬಾಳಬಹುದು. ಹೀಗೆ ಮುಖ ಊದಿಸಿಕೊಂಡು ಕೂಡುವವರ ಜೊತೆ ಬಾಳುವುದು ಕಷ್ಟ. ಬಾಳಿದವಳು ಅವನ ಹೆಂಡತಿ ಗುರುಲಿಂಗಮ್ಮ ಒಬ್ಬಳೇ, ಅದೂ ಇಪ್ಪತ್ತಾರು ವರ್ಷ.

ಅವನು ಹುಟ್ಟಿದ್ದು ಮೈಂದರ್ಗಿಯಲ್ಲಿ. ಶಾಲೆ ತಲೆಗೆ ಹತ್ತಲಿಲ್ಲ. ಸೋಲಾಪುರದ ಗ್ಯಾರೇಜೊಂದರಲ್ಲಿ ಲಾರಿಗಳ ಕೆಳಗೆ ಮಲಗಿ ಮಲಗಿಯೇ ಕೆಲಸ ಕಲಿತ, ಆಮೇಲೆ ಲೈಸೆನ್ಸು ಮಾಡಿಸಿ ಹದಿನೈದು ವರ್ಷ ಲಾರಿ ಹೊಡೆದ. ಬೆನ್ನು ಸೋತ ಮೇಲೆ ಅಕ್ಕಲಕೋಟದ ವಕೀಲ ವಿಶ್ವನಾಥರ ಮನೆಗೆ ಡ್ರೈವರಾಗಿ ಸೇರಿದ. ತೊಂಬತ್ತೊಂದರಲ್ಲಿ ವಕೀಲರು ಬಿಳಿ ಬಣ್ಣದ ಡೀಸೆಲ್ ಕಾರು ಕೊಂಡಿದ್ದರು.

ಕಾರು ಬಂದ ದಿನವೇ ಕಾಮಣ್ಣ ಅವರಿಗೆ ಹೇಳಿದ್ದ. ಮನೆಯಿಂದ ಕೋರ್ಟಿಗೆ, ಕೋರ್ಟಿನಿಂದ ಮನೆಗೆ ಅಂದರೆ ಇಂಜಿನ್ ಬಿಸಿಯಾಗುವಷ್ಟು ದಾರಿಯೂ ಅಲ್ಲ. ಥಂಡಿಯಲ್ಲಿ ಡೀಸೆಲ್ ಪೂರಾ ಉರಿಯುವುದಿಲ್ಲ, ಮಸಿ ಹೋಗಿ ಸೈಲೆನ್ಸರಿನಲ್ಲಿ ಕೂಡುತ್ತದೆ. ಚಳಿಗಾಲದಲ್ಲಿ ವಾರಕ್ಕೊಮ್ಮೆಯಾದರೂ ಇಪ್ಪತ್ತು ಕಿಲೋಮೀಟರು ಜೋರಾಗಿ ಓಡಿಸಿ ಅದನ್ನು ಉರಿಸಿ ಉಗುಳಿಸಬೇಕು, ಇಲ್ಲದಿದ್ದರೆ ಗಾಡಿಯ ಎದೆ ಕಟ್ಟುತ್ತದೆ. ವಕೀಲರು ಯಾವುದೋ ಖಟ್ಲೆಯ ಕಾಗದ ಓದುತ್ತ, ತಲೆ ಎತ್ತದೆ, ಹೂಂ, ಮಾಡು ಎಂದಿದ್ದರು. ಮುಂದಿನ ಗಳಿಗೆಗೇ ಮರೆತೂ ಬಿಟ್ಟಿದ್ದರು.

ಕಾಮಣ್ಣ ಮರೆಯಲಿಲ್ಲ. ಚಳಿಗಾಲದ ಪ್ರತಿ ರವಿವಾರ ಬೆಳಗ್ಗೆ, ವಕೀಲರು ಪೂಜೆಗೆ ಕೂತಾಗ, ಕಾರು ತೆಗೆದು ಸೋಲಾಪುರದ ರಸ್ತೆ ಹಿಡಿಯುತ್ತಿದ್ದ. ವಳಸಂಗ ಮುಟ್ಟಿ ಹೊರಳಿ ಬರುವುದು. ಮೊದಲ ಎರಡು ಮೈಲಿ ಹಿಂದೆ ಕರೀ ಹೊಗೆ, ಆಮೇಲೆ ಬೂದು, ವಳಸಂಗ ಬರುವ ಹೊತ್ತಿಗೆ ಏನೂ ಇಲ್ಲ. ಎರಡನೆಯ ಚಳಿಗಾಲದಲ್ಲಿ ಒಂದು ದಿನ ಗುರುಲಿಂಗಮ್ಮನನ್ನು ಪಕ್ಕಕ್ಕೆ ಕೂಡಿಸಿಕೊಂಡ. ಅವರಿಗೆ ಮಕ್ಕಳಿರಲಿಲ್ಲ. ಅವಳು ಕಡಕ್ ರೊಟ್ಟಿ ಬಡಿದು ಅಂಗಡಿಗಳಿಗೆ ಕೊಡುತ್ತಿದ್ದಳು, ಒಲೆಯ ಹೊಗೆ ಕುಡಿದೂ ಕುಡಿದೂ ದಮ್ಮು ಹತ್ತಿತ್ತು. ಕಿಟಕಿಯ ಗಾಜು ಎರಡು ಬೆರಳು ಇಳಿಸಿ ಕೂತರೆ ಎದೆ ಹಗುರಾಗುತ್ತದೆ ಎಂದಳು. ಅಷ್ಟು ಸಾಕಾಯಿತು ಅವನಿಗೆ. ಮರುವಾರದಿಂದ ಅವಳ ಜಾಗ ಕಾಯಂ ಆಯಿತು.

ಥಂಡಿಯಲ್ಲಿ ಡೀಸೆಲ್ ಗಾಡಿ ಕೀಲಿ ತಿರುಗಿಸಿದ ಕೂಡಲೇ ಏಳುವುದಿಲ್ಲ. ಕೀಲಿ ಅರ್ಧ ತಿರುಗಿಸಿದರೆ ಹೀಟರಿನ ದೀಪ ಹತ್ತುತ್ತದೆ, ಇಂಜಿನ್ನಿನ ಒಳಗೆ ಕಾವು ಏರುವವರೆಗೆ ಇಪ್ಪತ್ತು ಎಣಿಸಿ ಆಮೇಲೆ ಪೂರಾ ತಿರುಗಿಸಬೇಕು. ಆ ಎಣಿಕೆಯನ್ನು ಗುರುಲಿಂಗಮ್ಮ ತನ್ನ ಕೆಲಸ ಮಾಡಿಕೊಂಡಳು. ಇಳಕಲ್ ಸೀರೆಯುಟ್ಟು, ಕಿವಿಗೆ ಸ್ಕಾರ್ಫ್ ಕಟ್ಟಿ, ಕೈ ತೊಡೆಯ ಮೇಲಿಟ್ಟುಕೊಂಡು ಸಣ್ಣ ದನಿಯಲ್ಲಿ ಒಂದು, ಎರಡು, ಮೂರು ಎಂದು ಎಣಿಸುವಳು. ಇಪ್ಪತ್ತು ಅಂದಾಗ ಇಂಜಿನ್ ಹಿಡಿದರೆ ತಾನೇ ಚಾಲೂ ಮಾಡಿದವಳ ಹಾಗೆ ಗಂಡನ ಮುಖ ನೋಡುವಳು. ವಳಸಂಗದಲ್ಲಿ ಒಂದು ಕಪ್ಪು ಚಹಾ, ಸುರುವಿಕೊಂಡು ಕುಡಿಯಲು ಎರಡು ಬಶಿ. ಅವರ ಸಂಸಾರದ ಸುಖ ಎಷ್ಟು ಎಂದು ಕೇಳಿದರೆ ಇಷ್ಟೇ, ಆದರೆ ಇದು ಬಹಳವಾಗಿತ್ತು.

ತೊಂಬತ್ನಾಲ್ಕರ ದೀಪಾವಳಿ ಮುಗಿದು ಚಳಿ ಬಿದ್ದಾಗ ವಕೀಲರ ಅಕ್ಕ ಇಂದುಬಾಯಿ ಸೋಲಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ವಳಸಂಗದಲ್ಲಿ ಬಸ್ಸು ನಿಂತಾಗ ತಮ್ಮನ ಕಾರು ಕಂಡಿತು, ಮುಂದಿನ ಸೀಟಿನಲ್ಲಿ ಡ್ರೈವರನ ಹೆಂಡತಿ ಚಹಾ ಕುಡಿಯುವುದೂ ಕಂಡಿತು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಸುದ್ದಿ ಮುಟ್ಟಿಸಿದರು.

ವಕೀಲರು ಕೆಟ್ಟವರಲ್ಲ. ಅಕ್ಕನ ಎದುರು ತಾನು ಮೆತ್ತಗೆ ಕಾಣಬಾರದು ಅನ್ನುವ ಒಂದು ಹುಳ ಮಾತ್ರ ಇತ್ತು. ಅಂಗಳದಲ್ಲಿ, ಎಲ್ಲರಿಗೂ ಕೇಳುವ ಹಾಗೆ ಅಂದರು: "ಕಾರು ನಿನ್ನ ಹೇಣ್ತಿ ಹವಾ ತಿನ್ನಾಕ ತಗೊಂಡಿಲ್ಲ ಕಾಮಣ್ಣಾ. ಇನ್ನ ಮ್ಯಾಲ ನನ್ನ ಕೇಳಲಾರದ ಗಾಡಿ ಗೇಟ ದಾಟಬಾರದು."

ಅಲ್ಲಿಯೇ ಒಂದು ಮಾತು ಹೇಳಿದ್ದರೆ ಮುಗಿದೇ ಹೋಗುತ್ತಿತ್ತು. ಸಾಹೇಬರೇ, ಇದು ಗಾಡಿಯ ಔಷಧ, ಮೂರು ವರ್ಷದ ಹಿಂದೆ ನೀವೇ ಹೂಂ ಅಂದದ್ದು ಅನ್ನಬಹುದಿತ್ತು. ಕಾಮಣ್ಣ "ಆತ್ರಿ" ಎಂದು ಕೀಲಿಯನ್ನು ಗೂಟಕ್ಕೆ ಹಾಕಿದ. ಬೀಗ ಬಿತ್ತು.

ಮುಂದಿನ ರವಿವಾರ ಗುರುಲಿಂಗಮ್ಮ ಸೀರೆಯುಟ್ಟು ಕಟ್ಟೆಯ ಮೇಲೆ ಕೂತಿದ್ದಳು. ಅವನು ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಬಿಸಿಲು ಏರಿದ ಮೇಲೆ ಅವಳೇ ಎದ್ದು ಬಂದು ಸೀರೆ ಮಡಿಚಿಟ್ಟು ಒಲೆ ಹೊತ್ತಿಸಿದಳು. ತನ್ನ ತಿರುಗಾಟ ತಪ್ಪಿತೆಂದು ಒಂದು ದಿನವೂ ಅನ್ನಲಿಲ್ಲ. ಗಂಡನಿಗೆ ಹೇಳಿದ್ದು ಬೇರೆ.

"ನನ್ನ ಬಿಡ್ರಿ, ಗಾಡೀದಾದರೂ ಹೇಳ್ರಿ. ಅದರ ಎದಿ ಕಟ್ಟತೈತಿ ಅಂತೀರಲ್ಲ."

"ಅವರಾಗೇ ಕೇಳಲಿ," ಎಂದ ಕಾಮಣ್ಣ.

ಡಿಸೆಂಬರಿನಲ್ಲಿ ಕಾರು ಕೋರ್ಟಿನ ಮುಂದೆ ಕರೀ ಹೊಗೆ ಬಿಡತೊಡಗಿತು. ಆಕ್ಸಿಲರೇಟರ್ ಒತ್ತಿದರೂ ಎಳೆಯುತ್ತಿರಲಿಲ್ಲ. ಒಂದು ದಿನ ಇಂಜಿನ್ ಬಿಸಿಯ ಕೆಂಪು ದೀಪ ಹತ್ತಿ ಆರಿತು. ಇದೇನು ಎಂದು ವಕೀಲರು ಕೇಳಿಯೂ ಕೇಳಿದರು. ಕಾಮಣ್ಣ, ಥಂಡಿ ಐತ್ರಿ, ಅಂದ. ಸೈಲೆನ್ಸರ್ ಬಿಚ್ಚಿ ಬಡಿದು ಮಸಿ ಉದುರಿಸಲು ಅವನಿಗೆ ಅರ್ಧ ದಿನ ಸಾಕಿತ್ತು. ಬಿಚ್ಚಲಿಲ್ಲ. ಗಾಡಿ ಒಂದು ದಿನ ಹತ್ತು ಜನರ ಎದುರು ನಿಲ್ಲಲಿ, ಅಂಗಳದಲ್ಲಿ ಅಂದವರು ಅಂಗಳದಲ್ಲೇ ಬಂದು ಕೇಳಲಿ, ಆವಾಗ ಹೇಳುತ್ತೇನೆ ಎಂದು ಕಾದ. ಕೈಯಾರೆ ಸಾಕಿದ ಗಾಡಿಯ ಮೇಲೆ ಹೀಗೆ ಸಿಟ್ಟು ತೀರಿಸಿಕೊಂಡ ಮನುಷ್ಯನಿಗೆ ಏನು ಅನ್ನಬೇಕೋ ನನಗೆ ತಿಳಿಯದು.

ಸಂಕ್ರಮಣದ ಎರಡು ದಿನ ಮೊದಲು, ಬೆಳಕು ಹರಿಯುವ ಹೊತ್ತಿಗೆ, ಗುರುಲಿಂಗಮ್ಮನಿಗೆ ಉಸಿರು ಕಟ್ಟಿತು. ಊರಿನ ಡಾಕ್ಟರು ಸೂಜಿ ಮಾಡಿ, ಸೋಲಾಪುರದ ದೊಡ್ಡ ದವಾಖಾನೆಗೆ ತಡಮಾಡದೆ ಒಯ್ಯಿರಿ ಎಂದರು. ಕಾಮಣ್ಣ ವಕೀಲರ ಗೇಟಿಗೆ ಓಡಿದ. ಬಾಯಿ ತೆರೆಯುವ ಮೊದಲೇ ವಕೀಲರು ಅವನ ಮುಖ ನೋಡಿ ಕೀಲಿ ತಂದು ಕೈಯಲ್ಲಿಟ್ಟರು. ಅವರ ಹೆಂಡತಿ ದ್ವಾರಕಾಬಾಯಿ ಶಾಲು ತಗೊಂಡು ತಾವೇ ಹಿಂದಿನ ಸೀಟಿನಲ್ಲಿ ಕೂತು, ಓಣಿಯ ಮಂದಿ ಹೊತ್ತು ತಂದ ಗುರುಲಿಂಗಮ್ಮನನ್ನು ಎದೆಗೆ ಒರಗಿಸಿಕೊಂಡರು.

ಸೈಲೆನ್ಸರಿನ ನೆನಪು ಅವನಿಗೆ ಆಗಲೇ ಬಂತು. ಬಿಚ್ಚಿ ಒಗೆದು ಹೋಗಲೇ ಅಂದುಕೊಂಡ. ಬರೀ ಬಿಚ್ಚುವುದಕ್ಕೇ ಕಾಲು ತಾಸಾದರೂ ಬೇಕು. ಓಡಿದರೆ ತಾನೇ ಉರಿದು ಬಿಡುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಕೀಲಿ ಅರ್ಧ ತಿರುಗಿಸಿದ.

ಹಿಂದಿನಿಂದ ಗುರುಲಿಂಗಮ್ಮ ಎಣಿಸತೊಡಗಿದಳು. ಒಂದು. ಎರಡು. ಪ್ರತಿ ಅಂಕಿಗೂ ಎದೆಯಿಂದ ಸೀಟಿಯಂಥ ಸದ್ದು. ಏಳು ಅಂದವಳು ಮುಂದಿನದಕ್ಕೆ ಬಾಯಿ ತೆರೆದಳು, ಉಸಿರು ಬರಲಿಲ್ಲ. ಉಳಿದದ್ದನ್ನು ಕಾಮಣ್ಣ ಮನಸ್ಸಿನಲ್ಲೇ ಎಣಿಸಿ ಮುಗಿಸಿದ.

ಊರು ದಾಟಿದ್ದೇ ಗಾಡಿ ಸೋತಿತು. ಎತ್ತಿನ ಗಾಡಿಯೂ ಮುಂದೆ ಹೋದೀತು, ಅಷ್ಟು ನಿಧಾನ. ಕೆಂಪು ದೀಪ ಹತ್ತಿದ್ದು ಆರಲಿಲ್ಲ. ರಸ್ತೆಯ ಮೇಲೆ ಬೇರೆ ಗಾಡಿಯೊಂದೂ ಇರಲಿಲ್ಲ. ವಳಸಂಗ ಇನ್ನೂ ನಾಲ್ಕು ಮೈಲಿ ಇರುವಾಗ, ಸಣ್ಣ ಏರಿನಲ್ಲಿ, ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಕಾಮಣ್ಣ ಪಾನಾ ಹಿಡಿದು ಗಾಡಿಯ ಕೆಳಗೆ ನುಗ್ಗಿದ. ಕಾದ ಪೈಪಿನ ನಟ್ಟು ಬಿಚ್ಚುವಾಗ ಅಂಗೈ ಸುಟ್ಟು ಚರ್ಮ ಅಲ್ಲೇ ಹತ್ತಿಕೊಂಡಿತು, ಅವನಿಗೆ ಗೊತ್ತೂ ಆಗಲಿಲ್ಲ. ಸೈಲೆನ್ಸರ್ ಕಳಚಿ ರಸ್ತೆಗೆ ಬಿತ್ತು, ಒಳಗಿನಿಂದ ಮಸಿ ಹೆಂಟೆಹೆಂಟೆಯಾಗಿ ಉದುರಿತು. ಎದ್ದು ಕೀಲಿ ತಿರುಗಿಸಿದ. ಇಂಜಿನ್ ಹೊಲಗಳೆಲ್ಲ ನಡುಗುವ ಹಾಗೆ ಗರ್ಜಿಸಿ ಎದ್ದಿತು.

ಸಂತೋಷದಿಂದ ಹಿಂದೆ ಹೊರಳಿ ನೋಡಿದ. ದ್ವಾರಕಾಬಾಯಿ ಶಾಲಿನ ಸೆರಗಿನಿಂದ ಗುರುಲಿಂಗಮ್ಮನ ಕಣ್ಣು ಮುಚ್ಚುತ್ತಿದ್ದರು.

ಮಣ್ಣಾದ ಮೂರನೆಯ ದಿನ ವಕೀಲರು ಅವನ ಮನೆಗೆ ಬಂದು ಕಟ್ಟೆಯ ಮೇಲೆ ಕೂತರು. ಗಾಡಿ ಯಾಕೆ ನಿಂತಿತು ಎಂದು ಕೇಳಿದರು. ಕಾಮಣ್ಣ ರವಿವಾರಗಳ ಕತೆಯನ್ನೆಲ್ಲ ಹೇಳಿದ, ಮೂರು ವರ್ಷದ ಹಿಂದಿನ ಹೂಂ ಸಹಿತ. ವಕೀಲರ ಕಣ್ಣಲ್ಲಿ ನೀರು ಬಂತು.

"ಒಂದ ಮಾತ ನನಗ ಹೇಳಬಾರದಾಗಿತ್ತೇನೋ?"

"ನೀವು ಕೇಳ್ತೀರಿ ಅಂತ ಕಾಯಾಕತ್ತಿದ್ನಿರಿ," ಎಂದ ಕಾಮಣ್ಣ. ಪಟ್ಟಿ ಸುತ್ತಿದ ಎರಡೂ ಕೈಗಳನ್ನು ಮುಖಕ್ಕೆ ಒತ್ತಿಕೊಂಡು ಹೋ ಎಂದು ಅತ್ತ.

ನೌಕರಿಯಿಂದ ವಕೀಲರು ಅವನನ್ನು ತೆಗೆಯಲಿಲ್ಲ. ಪ್ರತಿ ರವಿವಾರ ಗಾಡಿಯನ್ನು ವಳಸಂಗದವರೆಗೆ ಓಡಿಸಿಕೊಂಡು ಬರಬೇಕೆಂದು ತಾವೇ ಹೇಳಿದರು. ಅವನು ಹೋಗುತ್ತಾನೆ. ಕೀಲಿ ಅರ್ಧ ತಿರುಗಿಸಿ, ದೀಪ ಹತ್ತಿದ ಮೇಲೆ ಎಣಿಸುತ್ತಾನೆ. ಏಳರ ಮುಂದಿನ ಅಂಕಿ ಬಾಯಿಗೆ ಬರುವುದಿಲ್ಲ. ಅಷ್ಟಕ್ಕೇ ಕೀಲಿ ತಿರುಗಿಸುತ್ತಾನೆ, ಥಂಡಿ ಇಂಜಿನ್ ಹಿಡಿಯುವುದಿಲ್ಲ. ಮತ್ತೆ ಒಂದರಿಂದ ಶುರು ಮಾಡುತ್ತಾನೆ.