ಗಿರಣಿ ನಿಲ್ಲಿಸಿದ ಭಾನುವಾರ

ಹುಣಸಗಿಯ ಸುತ್ತ ಕಾಲುವೆ ನೀರು ಹರಿದು, ಜೋಳದ ಹೊಲಗಳು ಒಂದೊಂದಾಗಿ ಭತ್ತದ ಗದ್ದೆಗಳಾಗುತ್ತಿದ್ದ ಕಾಲವದು. ಊರಿಗೆಲ್ಲ ನೀರಿನ ಮಾತಾದರೆ ನಮ್ಮ ಮನೆಯಲ್ಲಿ ಕರ್ನಲ್ಲಿನ ಮಾತು. ಶಾರದಕ್ಕ ಸುರಪುರದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದುತ್ತಿದ್ದಳು. ಸೋದರಮಾವ ಕೊಟ್ಟ ಹಳೆಯ ಕಂಪ್ಯೂಟರಿಗೆ ಒಗ್ಗುವ ಹಗುರ ಲಿನಕ್ಸ್ ಕರ್ನಲ್, ಅಂದರೆ ಯಂತ್ರದ ಭಾಗಗಳನ್ನೆಲ್ಲ ದುಡಿಸುವ ಮೂಲ ತಂತ್ರಾಂಶ, ಕಟ್ಟಿ ಸೋಮವಾರ ಕಾಲೇಜಿನಲ್ಲಿ ತೋರಿಸಬೇಕಿತ್ತು. ಇಲ್ಲದಿದ್ದರೆ ವರ್ಷ ಹೋಗುತ್ತಿತ್ತು. ವರ್ಷ ಹೋದರೆ ಓದೂ ಸಾಕು ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದ.

ನನಗಾಗ ಹನ್ನೆರಡು ವರ್ಷ. "ಕಾಲಾಗ ಚಕ್ರ ಅದಾವೇನ ನಿನಗ?" ಎಂದು ಅವ್ವ ದಿನಕ್ಕೆ ಹತ್ತು ಸಲ ಬೈಯುತ್ತಿದ್ದಳು. ಅಂಥವಳ ಕೈಗೆ ಶನಿವಾರ ಬೆಳಿಗ್ಗೆ ಅಕ್ಕ ಬೇಕಾದ ಭಾಗಗಳ ಪಟ್ಟಿ ಬರೆದ ತನ್ನ ನೋಟುಬುಕ್ಕು ಕೊಟ್ಟಳು. ಈ ಭಾಗ ಬೇಕೋ ಬೇಡವೋ ಎಂದು ಕಂಪ್ಯೂಟರು ಒಂದೊಂದಾಗಿ ನೂರಾರು ಪ್ರಶ್ನೆ ಕೇಳುತ್ತಿತ್ತು.

"ಪಟ್ಟಿಯೊಳಗ ಇದ್ದಿದ್ದಕ್ಕ ವೈ ಒತ್ತು, ಇಲ್ಲದ್ದಕ್ಕ ಎನ್. ಅವಸರ ಮಾಡಬ್ಯಾಡವ್ವ, ಹಿಂದಕ್ಕ ಹೋಗಾಕ ಬರಂಗಿಲ್ಲ," ಎಂದು ಹೇಳಿ ಅಕ್ಕ ಶೇಂಗಾ ಹುರಿಯಲು ಒಳಗೆ ಹೋದಳು.

ಮೊದಲಿಗೆ ಪಟ್ಟಿ ನೋಡಿಯೇ ಒತ್ತಿದೆ. ಅಷ್ಟರಲ್ಲಿ ಬೀದಿಯಿಂದ ಗೆಳತಿಯರ ಕೂಗು: "ಕಾಲುವಿಗೆ ನೀರು ಬಿಟ್ಟಾರ, ಬಾರೇ!" ಆಮೇಲೆ ನೋಟುಬುಕ್ಕು ಮುಚ್ಚಿದವಳೇ ಎನ್, ಎನ್, ಎನ್ ಒತ್ತಿ ಮುಗಿಸಿ ಓಡಿದೆ.

ಯಂತ್ರ ಆರು ತಾಸು ದುಡಿದು ಕಟ್ಟಿದ ಹೊಸ ಕರ್ನಲ್ಲಿಗೆ ಸಂಜೆ ತನ್ನ ಹಾರ್ಡ್ ಡಿಸ್ಕನ್ನೇ ಓದಲು ಬರಲಿಲ್ಲ. ಪರದೆ ಕಪ್ಪಾಗಿ ನಿಂತಿತು. ಹಳೆಯ ಕರ್ನಲ್ಲನ್ನು ಅಕ್ಕ ಅಳಿಸದೆ ಪಕ್ಕಕ್ಕಿಟ್ಟಿದ್ದರಿಂದ ಯಂತ್ರ ಹೇಗೋ ಮತ್ತೆ ಎದ್ದಿತು, ಆದರೆ ದಿನ ಹೋಗಿತ್ತು.

"ಏನಾತು?" ಎಂದ ಅಪ್ಪ, ಬಾಗಿಲಲ್ಲಿ ನಿಂತು.

"ನನ್ನ ಪಟ್ಟಿನೇ ತಪ್ಪಾಗ್ಯಾದ," ಎಂದಳು ಅಕ್ಕ. ಒದ್ದೆ ತಲೆಯಲ್ಲಿ ನಿಂತಿದ್ದ ನಾನು ನೋಟುಬುಕ್ಕನ್ನು ಅವಳತ್ತ ಸರಿಸಿದೆ. ಪ್ರಶ್ನೆಗಳಿಗೆಲ್ಲ ಅವಳೇ ಕೂತು ಮತ್ತೆ ಉತ್ತರಿಸಿದಳು.

ಭಾನುವಾರ ಇನ್ನೊಂದು ಗಂಡಾಂತರ. ಎದುರಿಗೆ ಮೌಲಾಸಾಬ್ ಕಾಕಾನ ಹಿಟ್ಟಿನ ಗಿರಣಿ. ಹಿಂದಿನ ದಿನ ಬೆಲ್ಟ್ ಹರಿದು ನಿಂತಿದ್ದಕ್ಕೆ ನಾವು ಬಚಾವಾಗಿದ್ದೆವು. ಈಗ ಮೋಟಾರು ಹಾಕಿದಾಗಲೆಲ್ಲ ನಮ್ಮ ಬಲ್ಬು ಮಂಕಾಗಿ, ಕಟ್ಟುವ ಕೆಲಸದ ನಡುವೆಯೇ ಕಂಪ್ಯೂಟರು ಆರಿಹೋಗುತ್ತಿತ್ತು. ಎರಡನೆಯ ಸಲ ಆರಿದಾಗ ಅಕ್ಕ ನನ್ನ ಕೈ ಹಿಡಿದುಕೊಂಡು ಗಿರಣಿಗೆ ಹೋದಳು.

"ಎಷ್ಟೊತ್ತು ನಿಲ್ಲಸಬೇಕವ್ವ?"

"ಆರು ತಾಸ್ರಿ, ಕಾಕಾ."

"ಆರು ತಾಸು ಬೀಸೂದಾ? ಭಾಳ ಗಟ್ಟಿ ಕಾಳು ಬಿಡು," ಎಂದು ನಕ್ಕು ಕಾಕಾ ಸ್ವಿಚ್ ಇಳಿಸಿದ. "ಆದ್ರ ಬಂದವ್ರಿಗೆ ಜವಾಬು ನೀವ ಹೇಳ್ರಿ."

"ಇಕಿ ಹೇಳ್ತಾಳ," ಎಂದು ಅಕ್ಕ ನನ್ನನ್ನು ಹೊಸ್ತಿಲ ಮೇಲೆ ಕೂರಿಸಿ ಹೋದಳು.

ಅಷ್ಟು ಉದ್ದದ ದಿನವನ್ನು ನಾನು ಮತ್ತೆ ಕಂಡಿಲ್ಲ. ಮೂಗಿನ ತುಂಬ ಹಿಟ್ಟಿನ ಘಮ, ಕಿವಿಗೆ ಕಾಲುವೆ ಕಡೆಯ ಕೇಕೆ. ಕೂತರೆ ಕಾಲು ಜುಮುಗುಡುತ್ತಿತ್ತು, ಎದ್ದರೆ ಯಾರೋ ಜೋಳದ ಬುಟ್ಟಿ ಹೊತ್ತು ಬರುತ್ತಿದ್ದರು.

"ನಿಮ್ಮ ಕಂಪ್ಯೂಟರ್ ರೊಟ್ಟಿ ಬಡೀತದೇನ?" ಎಂದು ಓಣಿಯ ನೀಲಮ್ಮಾಯಿ ರೇಗಿದಳು. ಆದರೂ ಬುಟ್ಟಿಯನ್ನು ಸಾಲಿನಲ್ಲಿಟ್ಟೇ ಹೋದಳು. ಎಲ್ಲರೂ ಇಟ್ಟು ಹೋದರು. ತಪ್ಪು ನಂದು ಎಂದು ಪ್ರತಿ ಬುಟ್ಟಿಗೂ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ಹೊತ್ತು ಇಳಿಯುವಾಗ ಅಕ್ಕ ಬೀದಿಗೆ ಓಡಿಬಂದಳು. "ಎದ್ದು ನಿಂತದ, ಕಾಕಾ! ಹಾಕ್ರಿ ಮೋಟಾರ!" ಮರುದಿನ ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದಳು. ಪಾಸಾದಳು.

ಈಗ ಅವಳು ಅದನ್ನೇ ಕಲಿಸುವ ಮೇಡಂ. ಹೋದ ವರ್ಷ ಧೈರ್ಯ ಮಾಡಿ ನನ್ನ ತಪ್ಪು ಒಪ್ಪಿಕೊಂಡೆ.

"ಪರದೆ ನೋಡಿದ ಕೂಡಲೇ ಗೊತ್ತಾಗಿತ್ತು. ಪಟ್ಟಿಯೊಳಗ ಡಿಸ್ಕಿನ ಹೆಸರಿಗೆ ಎರಡು ಗೆರಿ ಎಳದಿದ್ದೆ. ಅದಕ್ಕ ನಿನ್ನ ಗಿರಣಿ ಮುಂದ ಕುಂಡ್ರಿಸಿದ್ದೆ," ಎಂದು ನಕ್ಕಳು.

"ಮತ್ತ ನಿನ್ನ ಪಟ್ಟಿ ತಪ್ಪಂದೀ?"

"ಅಪ್ಪ ನಿಂತಿದ್ನಲ್ಲೇ."

ಇಂದು ನನ್ನ ಕಂಪ್ಯೂಟರಿನಲ್ಲಿ ಅದೇ ಕೆಲಸ ಚಹಾ ಕುದಿಯುವುದರೊಳಗೆ ಮುಗಿಯುತ್ತದೆ. ತಪ್ಪಿದರೆ ಮತ್ತೆ ಕಟ್ಟುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಒಂದು ತಪ್ಪಿಗಾಗಿ ಆರು ತಾಸು ರೊಟ್ಟಿ ತಡಮಾಡಿಕೊಂಡ ಆ ಓಣಿ ಮಾತ್ರ ನನಗೆ ಮತ್ತೆಲ್ಲೂ ಸಿಕ್ಕಿಲ್ಲ.